ಹಳೆ ಫಟಫಟಿಯ ಪಾನಾ ಯಾರ ಕೈಯಲ್ಲಿರಬೇಕು?

ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತು. ಸೇಡಂ ಬಸ್ ನಿಲ್ದಾಣದ ಹತ್ತಿರ ಒಬ್ಬ ಕಿರಾಣಿ ವ್ಯಾಪಾರಿ ತನ್ನ ಹಳೆ ಯೆಜ್ಡಿ ಗಾಡಿಗೆ ಕಿಕ್ ಹೊಡೆಯುತ್ತಿದ್ದಾನೆ. ಹತ್ತು ಸಲ ಆಯಿತು, ಹದಿನೈದು ಸಲ ಆಯಿತು. ಅಂಗಿ ಬೆವರಿನಿಂದ ತೊಯ್ದಿದೆ. ಬಸ್ಸಿಗೆ ಕಾದು ನಿಂತ ಮಂದಿಗೆ ಪುಕ್ಕಟೆ ತಮಾಷೆ. "ಸಾವ್ಕಾರ್ರೇ, ಇನ್ನ ಅದನ್ನ ತೂಕಕ್ಕ ಹಾಕ್ರಿ" ಎಂದು ಒಬ್ಬ ನಗುತ್ತಾನೆ. ಕೊನೆಗೆ ಸಾಹುಕಾರ ಗಾಡಿ ನೂಕಿಕೊಂಡು ಮಿಸ್ತ್ರಿ ಕಡೆಗೆ ಹೋಗುತ್ತಾನೆ. ಮಿಸ್ತ್ರಿ ಪ್ಲಗ್ ಬಿಚ್ಚಿ, ಮಸಿ ಒರೆಸಿ, ಮತ್ತೆ ಕೂಡಿಸಿ ಒಂದೇ ಕಿಕ್ಕಿಗೆ ಎಂಜಿನ್ ಎಬ್ಬಿಸುತ್ತಾನೆ. ಕೆಲಸ ಐದು ನಿಮಿಷದ್ದು. ಹೋದದ್ದು ಅರ್ಧ ದಿನದ ವ್ಯಾಪಾರ.

ಈ ನಾಟಕ ಸೇಡಂನಲ್ಲಷ್ಟೇ ನಡೆಯುವುದಿಲ್ಲ. ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಎಲ್ಲ ಕಡೆ ಹಳೆ ಗಾಡಿ ಇಟ್ಟುಕೊಂಡವರ ಪಾಡು ಇದೇ. ಅಪ್ಪ ಕೊಂಡ ಗಾಡಿ ಎಂಬ ಮಮತೆ ಇದೆ. ಮಾರಲು ಮನಸ್ಸಿಲ್ಲ, ನೋಡಿಕೊಳ್ಳಲು ಗೊತ್ತಿಲ್ಲ. ಒಂದು ಪ್ಲಗ್ ಬಿಚ್ಚಲು ಬಾರದ ಮನುಷ್ಯ ಅದೇ ಗಾಡಿಯ ಮೇಲೆ ಹಿಂದೆ ಹೆಂಡತಿ, ಮುಂದೆ ಮಗು ಕೂಡಿಸಿಕೊಂಡು ಸಿಮೆಂಟ್ ಲಾರಿಗಳ ನಡುವೆ ಹೋಗುತ್ತಾನೆ. ಆ ಗಾಡಿಯ ಬ್ರೇಕು ಹೇಗಿದೆ ಎಂದು ಅವನಿಗೇ ತಿಳಿಯದು. ಭಯಪಡಬೇಕಾದದ್ದು ಇದಕ್ಕೆ.

ವಿದೇಶದಲ್ಲಿ ಈ ಮಾತು ಬಂದರೆ ಹಳೆ ಸ್ಪೋರ್ಟ್ಸ್ ಕಾರಿನ ಉದಾಹರಣೆ ಕೊಡುತ್ತಾರೆ. ಇಂಗ್ಲೆಂಡಿನ ಎಂಜಿಬಿ ಎಂಬ ಎರಡು ಸೀಟಿನ ಕಾರು 1962ರಿಂದ 1980ರವರೆಗೆ ತಯಾರಾಯಿತು. 5 ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಅಲ್ಲಿಯ ಗುಮಾಸ್ತ, ಮಾಸ್ತರ, ಪಿಂಚಣಿದಾರ ರವಿವಾರ ಬಂತೆಂದರೆ ತೋಳು ಮಡಚಿ ತನ್ನ ಕಾರಿನ ಕೆಳಗೆ ತೂರುತ್ತಾನೆ. ಅವನಿಗೆ ಎರಡು ಅನುಕೂಲ ಉಂಟು. ಒಂದು, ಬಿಡಿಭಾಗ ಈಗಲೂ ಹೊಸದಾಗಿ ತಯಾರಾಗುತ್ತವೆ. 1988ರಿಂದ ಆ ಕಾರಿನ ಇಡೀ ಬಾಡಿಯೇ ಹೊಸದಾಗಿ ಸಿಗುತ್ತಿದೆ. ಎರಡು, ಪುಸ್ತಕ. ಜಾನ್ ಹೇನ್ಸ್ ಎಂಬಾತ 1966ರಲ್ಲಿ ಆಸ್ಟಿನ್ ಹೀಲಿ ಸ್ಪ್ರೈಟ್ ಎಂಬ ಸ್ಪೋರ್ಟ್ಸ್ ಕಾರಿನ ರಿಪೇರಿ ಕೈಪಿಡಿ ಹೊರತಂದ. ಕಾರನ್ನು ಬಿಚ್ಚುತ್ತ ಫೋಟೋ ತೆಗೆದು, ಯಾವ ನಟ್ಟಿನ ನಂತರ ಯಾವ ನಟ್ಟು ಎಂದು ಸಾಮಾನ್ಯ ಮನುಷ್ಯನಿಗೆ ತಿಳಿಯುವಂತೆ ತೋರಿಸಿದ. ಆ ಮಾದರಿಯ ಪುಸ್ತಕಗಳು ಆಮೇಲೆ ಸಾಲು ಸಾಲಾಗಿ ಬಂದವು.

ಕಾಗಿಣಾ ನದಿಯ ಈ ಸೀಮೆಯಲ್ಲಿ ಸ್ಪೋರ್ಟ್ಸ್ ಕಾರು ಯಾರ ಮನೆಯಲ್ಲಿದೆ? ಅದರ ಜಾಗದಲ್ಲಿ ಇರುವುದು ಯೆಜ್ಡಿ, ಇರುವುದು ಯಮಹಾ ಆರ್‌ಎಕ್ಸ್ 100.

ಮೈಸೂರಿನ ಕೂಸು

ಯೆಜ್ಡಿ ಹೊರಗಿನದೇನಲ್ಲ, ಕರ್ನಾಟಕದ್ದೇ ಗಾಡಿ. ಜೆಕ್ ನಾಡಿನ ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗ ಕೊಂಡುಕೊಂಡ. ಎರಡೂ ಹೆಸರಿನ ತಲೆ ಕೂಡಿ 'ಜಾವಾ' ಆಯಿತು. ಆ ಜಾವಾವನ್ನು ಮೈಸೂರಿನ ಯಾದವಗಿರಿಯಲ್ಲಿ ತಯಾರಿಸಲು ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು. 1973ರಿಂದ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು. ಮದರಾಸಿನ ಹತ್ತಿರದ ಶೋಲಾವರಂ ರೇಸಿನಲ್ಲಿ ಈ ಗಾಡಿಗಳು ಓಡಿ ಹೆಸರು ಮಾಡಿದವು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. 1985ರಲ್ಲಿ ಬಂದ ಆರ್‌ಎಕ್ಸ್ 100 ಕೂಡ ಅದೇ 1996ರಲ್ಲಿ ನಿಂತಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಹೊಸ ಗಾಡಿಗಳ ಮೇಲೆ ಮರಳಿ ಬಂದವು. ಆದರೆ ಅವು ಬೇರೆ ಎಂಜಿನ್ನಿನ ಬೇರೆ ಗಾಡಿಗಳು. ಹಳೆಯದರ ಪಿಸ್ಟನ್ ಹೊಸದರ ಅಂಗಡಿಯಲ್ಲಿ ಸಿಗುವುದಿಲ್ಲ.

ಅಂದರೆ ಇವತ್ತು ರಸ್ತೆಯ ಮೇಲಿರುವ ಹಳೆ ಯೆಜ್ಡಿಗಳಲ್ಲಿ ತೀರ ಚಿಕ್ಕದಕ್ಕೂ ಮೂವತ್ತರ ಆಸುಪಾಸು ವಯಸ್ಸು. ಕಂಪನಿಯ ಸರ್ವಿಸ್ ಸ್ಟೇಷನ್ ಇಲ್ಲ. ಕನ್ನಡದ ಕೈಪಿಡಿ ಅಂಗಡಿಯಲ್ಲಿ ಕಾಣುವುದಿಲ್ಲ. ವಿದ್ಯೆ ಇರುವುದು ಊರಿಗೊಬ್ಬರೋ ಇಬ್ಬರೋ ಉಳಿದ ವಯಸ್ಸಾದ ಮಿಸ್ತ್ರಿಗಳ ಕೈಯಲ್ಲಿ. ಅವರ ಮಕ್ಕಳು ಆ ಎಣ್ಣೆ ಮಸಿ ಬೇಡವೆಂದು ಸಿಮೆಂಟ್ ಫ್ಯಾಕ್ಟರಿಗೋ ಪುಣೆ, ಹೈದರಾಬಾದಿಗೋ ಹೋಗಿದ್ದಾರೆ. ಅವರು ಹೋಗಲಿ, ತಪ್ಪಿಲ್ಲ. ಆದರೆ ವಿದ್ಯೆ ಎಲ್ಲಿಗೆ ಹೋಗಬೇಕು?

ಗಾಡಿ ಯಾರದೋ ಅವನ ಕೈಗೆ ಬರಬೇಕು. ಮಾಲಕನೇ ಪಾನಾ ಹಿಡಿಯಬೇಕು.

ಧೂಳಿನ ಸೀಮೆ

ಬೇರೆ ಊರಿನ ಗಾಡಿಗೂ ಈ ಸೀಮೆಯ ಗಾಡಿಗೂ ಫರಕು ಇದೆ. ಸೇಡಂ, ಮಳಖೇಡ, ವಾಡಿ ಸಿಮೆಂಟಿನ ಊರುಗಳು. ಶಹಾಬಾದ್ ಎಂದರೆ ಫರ್ಸಿ ಕಲ್ಲು. ಚಿಂಚೋಳಿ, ಚಿತ್ತಾಪುರದ ಹಳ್ಳಿ ದಾರಿಗಳಲ್ಲಿ ಬೇಸಿಗೆಗೆ ಎರೆ ಮಣ್ಣಿನ ಹುಡಿ, ಮಳೆಗಾಲಕ್ಕೆ ಅದೇ ಮಣ್ಣಿನ ರಾಡಿ. ಮೇಲೆ 42-43 ಡಿಗ್ರಿ ಬಿಸಿಲು.

ಈ ಧೂಳು ಹಳೆ ಟೂ ಸ್ಟ್ರೋಕ್ ಎಂಜಿನ್ನಿಗೆ ಹೆಚ್ಚು ವಿಷ. ಈಗಿನ ಫೋರ್ ಸ್ಟ್ರೋಕ್ ಗಾಡಿಯಲ್ಲಿ ಗಾಳಿ ಮತ್ತು ಪೆಟ್ರೋಲ್ ನೇರ ಸಿಲಿಂಡರಿಗೆ ಹೋಗುತ್ತವೆ. ಕೆಳಗಿನ ಕ್ರ್ಯಾಂಕಿಗೆ ಬೇರೆ ಎಣ್ಣೆ ಇರುತ್ತದೆ. ಟೂ ಸ್ಟ್ರೋಕಿನಲ್ಲಿ ಗಾಳಿ, ಪೆಟ್ರೋಲ್, ಎಣ್ಣೆ ಮೂರೂ ಮೊದಲು ಕ್ರ್ಯಾಂಕ್ ಇರುವ ಕೋಣೆಗೇ ಇಳಿದು, ಅಲ್ಲಿಂದ ಮೇಲೆ ಹತ್ತುತ್ತವೆ. ಗಾಳಿಯ ಜೊತೆ ಸುಣ್ಣಕಲ್ಲಿನ ಪುಡಿ ಬಂದರೆ ಅದು ಮೊದಲು ತಿನ್ನುವುದು ಕ್ರ್ಯಾಂಕಿನ ಬೇರಿಂಗನ್ನೇ. ಅದು ಹೋದರೆ ಸಾವಿರಗಟ್ಟಲೆ ರೂಪಾಯಿ ಕೆಲಸ.

ಇದನ್ನು ತಡೆಯುವುದು ಒಂದು ಏರ್ ಫಿಲ್ಟರ್. ವಾಡಿ, ಸೇಡಂ ರಸ್ತೆಯಲ್ಲಿ ದಿನಾ ತಿರುಗುವವನು ವಾರಕ್ಕೊಮ್ಮೆ ಅದನ್ನು ತೆಗೆದು ನೋಡಲೇಬೇಕು. ಫಿಲ್ಟರ್ ಕಟ್ಟಿದರೆ ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ. ಪ್ಲಗ್ ಕರಿ ಹಿಡಿಯುತ್ತದೆ, ಹೊಗೆ ಹೆಚ್ಚುತ್ತದೆ, ಮೈಲೇಜು ಬೀಳುತ್ತದೆ. ಇದರ ಉಲ್ಟಾ ಇನ್ನೂ ಕೆಟ್ಟದ್ದು. ಫಿಲ್ಟರಿನಿಂದ ಕಾರ್ಬೊರೇಟರಿಗೆ ಹೋಗುವ ರಬ್ಬರ್ ಹರಿದರೆ ಶೋಧಿಸದ ಧೂಳು ನೇರ ಒಳಗೆ ನುಗ್ಗುತ್ತದೆ. ಕಾರ್ಬೊರೇಟರ್ ಮತ್ತು ಸಿಲಿಂಡರಿನ ನಡುವಿನ ಪ್ಯಾಕಿಂಗ್ ಹೋದರೆ ಕಳ್ಳ ಗಾಳಿ ಸೇರಿ, ಎಂಜಿನ್ ಕಾಯ್ದು, ಪಿಸ್ಟನ್ ಹಿಡಿದು ನಿಂತುಬಿಡುತ್ತದೆ. ಓಡುವ ಗಾಡಿಯ ಹಿಂದಿನ ಗಾಲಿ ಒಮ್ಮೆಲೇ ಲಾಕ್ ಆದರೆ ಸವಾರನ ಗತಿ ಏನು?

ಸಾಹುಕಾರ ನೂಕಿಕೊಂಡು ಬಂದ ದಿನ ಮಿಸ್ತ್ರಿ ಹೇಳುವ ಮಾತು ಒಂದೇ: "ಗಾಡಿದು ಏನೂ ತಪ್ಪಿಲ್ರಿ ಸಾವ್ಕಾರ್ರೇ. ಅದರ ಉಸಿರು ಕಟ್ಟ್ಯಾದ, ನೀವು ನೋಡಿಲ್ಲ."

ಮನೆಯಲ್ಲೇ ಆಗುವ ಕೆಲಸ

ಒಂದು ಪ್ಲಗ್ ಪಾನಾ, ಎರಡು ಮೂರು ಸೈಜಿನ ರಿಂಗ್ ಪಾನಾ, ಒಂದು ಸ್ಕ್ರೂ ಡ್ರೈವರ್, ಒಂದು ಪಕ್ಕಡ, ಗ್ಯಾಪ್ ಅಳೆಯುವ ಒಂದು ಫೀಲರ್ ಗೇಜ್. ಇಷ್ಟು ಹತಾರ ಒಂದು ಕೈಚೀಲದಲ್ಲಿ ಹಿಡಿಯುತ್ತವೆ.

ಮೊದಲು ಪ್ಲಗ್. ಅದರ ಬಣ್ಣ ನೋಡಿ ಎಂಜಿನ್ನಿನ ಆರೋಗ್ಯ ಹೇಳಬಹುದು. ಇಟ್ಟಿಗೆ ಕಂದು ಇದ್ದರೆ ಸರಿ. ಒದ್ದೆ ಕಪ್ಪು ಇದ್ದರೆ ಎಣ್ಣೆ ಅಥವಾ ಪೆಟ್ರೋಲ್ ಹೆಚ್ಚು. ಬಿಳಿಚಿದ್ದರೆ ಎಂಜಿನ್ ಕಾಯುತ್ತಿದೆ, ತಕ್ಷಣ ತೋರಿಸಬೇಕು. ಪಾಯಿಂಟ್ ಇರುವ ಹಳೆ ಯೆಜ್ಡಿಗಳಲ್ಲಿ ಆ ಪಾಯಿಂಟಿನ ಸಂದು ಸುಮಾರು 0.4 ಮಿಲಿಮೀಟರ್ ಇರಬೇಕು. ಸವೆದು ಸಂದು ಕಡಿಮೆಯಾದರೆ ಬೆಳಗಿನ ಕಿಕ್ಕಾಟ ತಪ್ಪಿದ್ದಲ್ಲ.

ಎರಡನೆಯದು ಎಣ್ಣೆ. ಹಳೆ ಜಾವಾ, ಯೆಜ್ಡಿಗಳಿಗೆ ಪೆಟ್ರೋಲಿನಲ್ಲೇ ಎಣ್ಣೆ ಕೂಡಿಸಬೇಕು. ಹಳೆ ಲೆಕ್ಕ 25 ಪಾಲಿಗೆ ಒಂದು ಪಾಲು, ಅಂದರೆ ಲೀಟರಿಗೆ 40 ಮಿಲಿ, ಐದು ಲೀಟರಿಗೆ 200 ಮಿಲಿ. ಹಿಂದೆ ಬಂಕಿನಲ್ಲೇ ಅಳೆದು ಹಾಕುತ್ತಿದ್ದರು. ಈಗ ಅಂಥ ಬಂಕು ಅಪರೂಪ. ಅಂದಾಜಿನ ಮೇಲೆ ಸುರಿಯುವವರೇ ಹೆಚ್ಚು. ತಕ್ಕಡಿ ಹಿಡಿದು ಬೆಲ್ಲ ತೂಗುವಾಗ ಹತ್ತು ಗ್ರಾಂ ಬಿಡದ ವ್ಯಾಪಾರಿ ತನ್ನ ಗಾಡಿಗೆ ಎಣ್ಣೆಯನ್ನು ಕಣ್ಣಳತೆಯಲ್ಲಿ ಹಾಕುತ್ತಾನೆ! ಕಡಿಮೆ ಬಿದ್ದರೆ ಪಿಸ್ಟನ್ ಹಿಡಿಯುತ್ತದೆ, ಹೆಚ್ಚು ಬಿದ್ದರೆ ಹಿಂದಿನವನ ಕಣ್ಣಲ್ಲಿ ನೀರು. ಔಷಧಿ ಅಂಗಡಿಯಲ್ಲಿ ಸಿಗುವ ಅಳತೆಯ ಲೋಟ ಸಾಕು.

ಮೂರನೆಯದು ಪೆಟ್ರೋಲ್ ಕಾಕ್. ರಾತ್ರಿ ಅದನ್ನು ಬಂದ್ ಮಾಡಬೇಕು. ತೆರೆದು ಬಿಟ್ಟರೆ ಕಾರ್ಬೊರೇಟರ್ ತುಂಬಿ ಪೆಟ್ರೋಲ್ ಎಂಜಿನ್ನಿನೊಳಗೆ ಇಳಿಯುತ್ತದೆ. ಅದರ ಜೊತೆ ಪೈಪು ನೋಡಬೇಕು. 2025ರಿಂದ ಬಂಕುಗಳಲ್ಲಿ ಸಿಗುತ್ತಿರುವ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇದೆ. ಹಳೆ ಗಾಡಿಗಳಲ್ಲಿ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಎಂದು ಸರ್ಕಾರವೇ ಒಪ್ಪಿದೆ. ಎಥನಾಲ್ ನೀರನ್ನು ಎಳೆಯುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ತುಕ್ಕು ಹಿಡಿಯಲು ಅಷ್ಟು ಸಾಕು. ಪೈಪು ಮೆತ್ತಗಾಗಿ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಅವತ್ತೇ ಹೊಸದು ಹಾಕಬೇಕು. ಕಾಯ್ದ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕುವುದೆಂದರೆ ಮನೆಗೆ ಬೆಂಕಿ ಕರೆದಂತೆ.

ನಾಲ್ಕನೆಯದು ಚೈನು. ಯೆಜ್ಡಿಯ ಚೈನು ಪೂರ್ತಿ ಡಬ್ಬಿಯೊಳಗೆ ಇರುತ್ತದೆ. ಈ ಧೂಳಿನ ಸೀಮೆಗೆ ಅದು ದೊಡ್ಡ ಉಪಕಾರ. ಆದರೆ ಕಣ್ಣಿಗೆ ಕಾಣದ್ದು ಮನಸ್ಸಿಗೂ ಬರುವುದಿಲ್ಲ. ಎಣ್ಣೆ ಕಾಣದೆ ವರ್ಷ ಕಳೆದ ಚೈನುಗಳು ಆ ಡಬ್ಬಿಗಳಲ್ಲಿ ಅಳುತ್ತಿವೆ. ಸಿಲಿಂಡರಿನ ಗಾಳಿಪಟ್ಟಿಗಳಲ್ಲಿ ಮೆತ್ತಿದ ರಾಡಿ ಕೆತ್ತಿ ತೆಗೆಯುವುದೂ ಇದೇ ಸಾಲಿನ ಕೆಲಸ. ಆ ಪಟ್ಟಿಗಳಿಗೆ ಗಾಳಿ ತಾಗಿದರೇ ಎಂಜಿನ್ ತಣ್ಣಗಾಗುವುದು.

ಇವು ಯಾವುವೂ ದೊಡ್ಡ ವಿದ್ಯೆಯಲ್ಲ. ಹೊಲಿಗೆ ಮಷೀನಿಗೆ ಎಣ್ಣೆ ಬಿಡುವ ಮನೆಯ ಹೆಣ್ಣುಮಗಳು ಒಂದು ರವಿವಾರದಲ್ಲಿ ಕಲಿಯಬಹುದಾದ ಕೆಲಸ.

ಕೈ ಎಲ್ಲಿ ನಿಲ್ಲಬೇಕು

ಪಾನಾ ಹಿಡಿಯಿರಿ ಎಂದರೆ ಎಲ್ಲವನ್ನೂ ಬಿಚ್ಚಿರಿ ಎಂದು ಅರ್ಥವಲ್ಲ. ಮೊಬೈಲಿನಲ್ಲಿ ಹತ್ತು ನಿಮಿಷದ ವಿಡಿಯೋ ನೋಡಿ ಬ್ರೇಕ್ ಡ್ರಮ್ ಬಿಚ್ಚುವ ಹುಡುಗರಿದ್ದಾರೆ. ಬಿಚ್ಚುವುದು ಸುಲಭ, ಕೂಡಿಸುವಾಗ ಒಂದು ಪಿನ್ನು ಉಳಿಯುತ್ತದೆ. ಉಳಿದ ಪಿನ್ನನ್ನು ಜೇಬಿಗೆ ಹಾಕಿಕೊಂಡು ಗಾಡಿ ಓಡಿಸುವ ಶೂರರೂ ಇದ್ದಾರೆ.

ಬ್ರೇಕ್ ಕೇಬಲ್ ಹರಿಯುತ್ತಿದೆಯೇ, ಲಿವರ್ ಎಷ್ಟು ಆಡುತ್ತಿದೆ ಎಂದು ದಿನಾ ನೋಡುವುದು ಮಾಲಕನ ಕೆಲಸ. ಬ್ರೇಕ್ ಶೂ ಬದಲಿಸುವುದು, ಮುಂದಿನ ಫೋರ್ಕ್, ಗಾಲಿಯ ತಂತಿ ಬಿಗಿಯುವುದು, ಕ್ರ್ಯಾಂಕ್, ಸಿಲಿಂಡರ್ ಬೋರ್ ಮಾಡಿಸುವುದು, ಇವು ಮಿಸ್ತ್ರಿಯ ಕೆಲಸ. ಕಲಿಯುವ ಆಸೆ ಇದ್ದರೆ ಅವನ ಪಕ್ಕ ಕುಳಿತು, ಅವನ ಕಣ್ಣೆದುರು ಮಾಡಬೇಕು. ಇನ್ನೊಂದು ಮಾತು. ಹಳೆ ಬ್ರೇಕ್ ಲೈನರುಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು. ಡ್ರಮ್ಮಿನ ಪುಡಿಯನ್ನು ಬಾಯಿಂದಲೋ ಹವಾದಿಂದಲೋ ಊದುವ ಚಾಳಿ ಪುಪ್ಪುಸಕ್ಕೆ ಕುತ್ತು. ಒದ್ದೆ ಬಟ್ಟೆಯಿಂದ ಒರೆಸಬೇಕು, ಮಿಸ್ತ್ರಿಗಳೂ ಒರೆಸಬೇಕು. ಅಡುಗೆ ಮನೆಯ ಪಕ್ಕ ಕುಳಿತು ಪೆಟ್ರೋಲಿನಲ್ಲಿ ಪಾರ್ಟು ತೊಳೆಯುವುದು, ಬಾಯಲ್ಲಿ ಬೀಡಿ ಇಟ್ಟುಕೊಂಡು ಟ್ಯಾಂಕಿಗೆ ಇಣುಕುವುದು, ಇವುಗಳ ಬಗ್ಗೆ ಹೇಳುವುದೇನು?

ಸೈಲೆನ್ಸರ್ ಕೊಯ್ಯಿಸುವ ಹುಚ್ಚು ಬೇರೆ. ಅದು ಕಾನೂನಿಗೆ ವಿರುದ್ಧ, ಸರಿ. ಎಂಜಿನ್ನಿಗೂ ವಿರುದ್ಧ ಎಂಬುದು ಹುಡುಗರಿಗೆ ಗೊತ್ತಿಲ್ಲ. ಟೂ ಸ್ಟ್ರೋಕ್ ಗಾಡಿಯ ಜೋರು ಅದರ ಹೊಗೆ ಕೊಳವೆಯ ಅಳತೆಯ ಮೇಲೆ ನಿಂತಿದೆ. ಕೊಯ್ದರೆ ಸದ್ದು ಏರುತ್ತದೆ, ಜೋರು ಇಳಿಯುತ್ತದೆ. ಕೊಯ್ಯುವ ಬದಲು ಒಳಗೆ ಕಟ್ಟಿದ ಮಸಿ ತೆಗೆಸಿದರೆ ಗಾಡಿ ತಾನಾಗಿ ಹಗುರಾಗುತ್ತದೆ.

ಮಿಸ್ತ್ರಿಯ ಹೊಟ್ಟೆಯ ಮೇಲೆ ಹೊಡೆದಂತಾಗದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಪ್ಲಗ್ ಒರೆಸಿದ್ದಕ್ಕೆ ಮಿಸ್ತ್ರಿಗೆ ಸಿಗುವುದು ಚಹಾದ ದುಡ್ಡು. ಅವನ ಸಂಸಾರ ನಡೆಯುವುದು ದೊಡ್ಡ ಕೆಲಸದಿಂದ. ಮಾಲಕನಿಗೆ ಗಾಡಿ ತಿಳಿದಷ್ಟೂ ಗಾಡಿ ಹೆಚ್ಚು ವರ್ಷ ಬಾಳುತ್ತದೆ, ಮಿಸ್ತ್ರಿಗೆ ಗಿರಾಕಿ ಉಳಿಯುತ್ತದೆ. ಗುಜರಿಗೆ ಹೋದ ಗಾಡಿ ಯಾವ ಮಿಸ್ತ್ರಿಗೂ ಅನ್ನ ಹಾಕುವುದಿಲ್ಲ.

ವಯಸ್ಸಿಗೆ ದಂಡವೋ, ಹೊಲಸಿಗೆ ದಂಡವೋ?

ಸರ್ಕಾರದ ಕಡೆಗೂ ಒಂದು ಪ್ರಶ್ನೆ ಉಂಟು. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಇದಕ್ಕೆ ಬೈಕಿಗೆ 300 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್ 1ರಿಂದ 1,000 ಆಯಿತು. 2025ರ ಆಗಸ್ಟ್‌ನಲ್ಲಿ ಬಂದ ನಿಯಮದಂತೆ 20 ವರ್ಷ ದಾಟಿದ ಬೈಕಿಗೆ ಅದು 2,000. ಕಾರು, ಜೀಪಿಗೆ 10,000. ಮೈಸೂರಿನಲ್ಲಿ ಹುಟ್ಟಿದ ಒಂದು ಯೆಜ್ಡಿಯೂ ಇದರಿಂದ ತಪ್ಪಿಸಿಕೊಳ್ಳುವಂತಿಲ್ಲ. ಮರುತಿಂಗಳೇ, 2025ರ ಸೆಪ್ಟೆಂಬರಿನಲ್ಲಿ, 350 ಸಿಸಿವರೆಗಿನ ಹೊಸ ಬೈಕಿನ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿಯಿತು. ಹೊಸದಕ್ಕೆ ರಿಯಾಯಿತಿ, ಹಳೆಯದಕ್ಕೆ ಬರೆ.

ಹಳೆ ಟೂ ಸ್ಟ್ರೋಕ್ ಹೊಗೆ ಬಿಡುತ್ತದೆ ಎಂಬುದು ಸುಳ್ಳಲ್ಲ. ಸುಡದ ಪೆಟ್ರೋಲ್ ಒಂದಷ್ಟು ಹೊಗೆಯ ಜೊತೆ ಹೊರಗೆ ಹೋಗುವುದು ಆ ಎಂಜಿನ್ನಿನ ಹುಟ್ಟುಗುಣ. ಆದರೆ ಅದಕ್ಕೂ ಅಳತೆ ಇದೆ. 2000ದ ಮಾರ್ಚ್‌ಗಿಂತ ಮೊದಲಿನ ಬೈಕಿಗೆ ಇಂಗಾಲದ ಮಾನಾಕ್ಸೈಡ್ ಶೇಕಡ 4.5 ದಾಟಬಾರದು ಎಂದು ನಿಯಮವಿದೆ. ಸರಿಯಾಗಿ ನೋಡಿಕೊಂಡ ಗಾಡಿ ಆ ಅಳತೆಯೊಳಗೆ ಇರುತ್ತದೆ, ನೋಡಿಕೊಳ್ಳದ್ದು ದಾಟುತ್ತದೆ. ಹಾಗಿದ್ದ ಮೇಲೆ ದಂಡ ಬೀಳಬೇಕಾದದ್ದು ಹೊಗೆಗೋ, ಹುಟ್ಟಿದ ವರ್ಷಕ್ಕೋ? ಫಿಲ್ಟರ್, ಪ್ಲಗ್, ಬ್ರೇಕು ಚೊಕ್ಕ ಇಟ್ಟುಕೊಂಡು ತಪಾಸಣೆಯಲ್ಲಿ ಪಾಸಾದವನಿಗೂ 2,000, ಹೇಗೋ ದಾಟಿಸಿಕೊಂಡವನಿಗೂ 2,000 ಎಂದರೆ ಚೊಕ್ಕ ಇಡುವ ಹುರುಪು ಯಾರಿಗೆ ಬರುತ್ತದೆ? ಹಲವರು ನವೀಕರಣವನ್ನೇ ಬಿಟ್ಟು ಕಾಗದವಿಲ್ಲದೆ ತಿರುಗುತ್ತಾರೆ. ಅಪಘಾತವಾದ ದಿನ ವಿಮೆಯ ತಕರಾರು ಎದ್ದಾಗ ಬಾಯಿ ಬಡಿದುಕೊಳ್ಳುತ್ತಾರೆ.

ಗಾಳಿಸುದ್ದಿಯೂ ಸಾಕಷ್ಟಿದೆ. "15 ವರ್ಷ ಆದ ಗಾಡಿ ಪೊಲೀಸರು ಎಳ್ಕೊಂಡು ಹೋಗ್ತಾರಂತ" ಎಂದು ಹೆದರಿಸಿ ಅಗ್ಗಕ್ಕೆ ಕೊಳ್ಳುವ ದಲ್ಲಾಳಿಗಳಿದ್ದಾರೆ. ವಯಸ್ಸಿನ ಮೇಲೆ ಗಾಡಿ ನಿಲ್ಲಿಸುವ ಆ ಗಲಾಟೆ ದೆಹಲಿ ಸುತ್ತಿನದು. ಕರ್ನಾಟಕದಲ್ಲಿ ತಪಾಸಣೆ ಪಾಸಾಗಿ ನೋಂದಣಿ ನವೀಕರಿಸಿದ ಖಾಸಗಿ ಗಾಡಿಯನ್ನು ವಯಸ್ಸಾಯಿತೆಂದು ಕಸಿಯುವಂತಿಲ್ಲ. 50 ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗೆ 'ವಿಂಟೇಜ್' ನೋಂದಣಿಗೆ 2021ರಲ್ಲಿ ನಿಯಮ ಬಂತು. ಅದರ ಶುಲ್ಕ 20,000 ರೂಪಾಯಿ. ಆದರೆ ಆ ಗಾಡಿಯನ್ನು ಪ್ರದರ್ಶನ, ರ್‍ಯಾಲಿಗಳಿಗೆ ಒಯ್ಯಬಹುದೇ ಹೊರತು ದಿನದ ಓಡಾಟಕ್ಕೆ ಬಳಸುವಂತಿಲ್ಲ. ಅಂಗಡಿಗೆ ಹೋಗಿ ಬರುವವನಿಗೆ ಅದು ಒಗ್ಗುವ ದಾರಿಯಲ್ಲ.

ಆಗಬೇಕಾದದ್ದು

ಒಂದು, ಈ ತಾಲೂಕುಗಳ ಸರ್ಕಾರಿ ಐಟಿಐಗಳು ರವಿವಾರ ಎರಡು ತಾಸು ಬಾಗಿಲು ತೆರೆಯಲಿ. ಮೋಟಾರ್ ಮೆಕ್ಯಾನಿಕ್ ಕಲಿಸುವ ಮಾಸ್ತರರ ಪಕ್ಕದಲ್ಲಿ ಊರಿನ ಹಳೆ ಮಿಸ್ತ್ರಿಯನ್ನು ಕೂಡಿಸಿ, ದಿನಗೂಲಿ ಕೊಟ್ಟು, ಬಂದವರಿಗೆಲ್ಲ ಸಣ್ಣ ಕೆಲಸ ಕಲಿಸಲಿ. ಹುಡುಗರು ಬರಲಿ, ಅಂಗಡಿಯವರು ಬರಲಿ, ಸ್ಕೂಟಿ ಓಡಿಸುವ ಹೆಣ್ಣುಮಕ್ಕಳೂ ಬರಲಿ.

ಎರಡು, ಆ ಮಿಸ್ತ್ರಿಗಳ ಬಾಯಿಂದ ಕೇಳಿ, ಚಿತ್ರ ಹಾಕಿ, ಕನ್ನಡದಲ್ಲಿ ಐವತ್ತು ಪುಟದ ಒಂದು ಕೈಪಿಡಿ ಬರಲಿ. ಹೇನ್ಸ್ ಮಾಡಿದ್ದನ್ನು ಇಲ್ಲಿಯ ಐಟಿಐ ಮಾಡಬಾರದೇಕೆ?

ಮೂರು, ಬಿಡಿಭಾಗ ಮಾರುವವರು ಬಿಲ್ಲು ಕೊಡಲಿ, ನಕಲಿಯನ್ನು ಅಸಲಿ ಎಂದು ಹೇಳದಿರಲಿ. ಒಂದು ಕೇಬಲಿಗಾಗಿ ವಾಡಿಯಿಂದ ರೈಲು ಹತ್ತಿ ಸಿಕಂದರಾಬಾದಿಗೆ ಹೋಗಿ ಬರುವವರಿದ್ದಾರೆ. ಊರಿನ ಅಂಗಡಿಯವರು ನಾಲ್ಕು ಜನ ಕೂಡಿ ತರಿಸಿದರೆ ವ್ಯಾಪಾರವೂ ಆಯಿತು, ಉಪಕಾರವೂ ಆಯಿತು.

ನಾಲ್ಕು, ನವೀಕರಣದ ತಪಾಸಣೆಯನ್ನು ತಾಲೂಕಿಗೆ ತಂದು ನಿಗದಿತ ದಿನ ಕ್ಯಾಂಪ್ ಮಾಡಲಿ. ಬ್ರೇಕು, ದೀಪ, ಹೊಗೆ ಚೊಕ್ಕವಿದ್ದ ಗಾಡಿಗೆ ಶುಲ್ಕ ಇಳಿಸುವಂತೆ ಇಲ್ಲಿಯ ಜನಪ್ರತಿನಿಧಿಗಳು ದೆಹಲಿಯಲ್ಲಿ ಕೇಳಲಿ.

ಈ ನಾಲ್ಕೂ ಆಗುವವರೆಗೆ ಯಾರೂ ಕಾಯಬೇಕಾಗಿಲ್ಲ. ಬರುವ ರವಿವಾರ ಅಂಗಡಿ ಅರ್ಧ ಹೊತ್ತು ಬಂದ್ ಇರುತ್ತದೆ. ಆ ಹೊತ್ತಿನಲ್ಲಿ ಪ್ಲಗ್ ಬಿಚ್ಚಿ ಬಣ್ಣ ನೋಡಬೇಕು, ಫಿಲ್ಟರ್ ಝಾಡಿಸಬೇಕು, ಬ್ರೇಕ್ ಹಿಡಿದು ಗಾಡಿ ನೂಕಿ ನೋಡಬೇಕು. ಬ್ರೇಕ್ ಹಿಡಿದರೂ ಗಾಡಿ ಉರುಳಿದರೆ ಅವತ್ತಿಗೆ ಅದರ ಮೇಲೆ ಮಗುವನ್ನು ಕೂಡಿಸಬಾರದು, ಮಿಸ್ತ್ರಿಯ ಮನೆಗೆ ನೂಕಿಕೊಂಡು ಹೋಗಬೇಕು. ಬಸ್ ನಿಲ್ದಾಣದ ಮಂದಿ ನಕ್ಕರೆ ನಗಲಿ.